ಸುಕ್ಕು ಅಳಿಸಿದ ಸಾಸೇಜ್ ವಿಷ

ಸುಕ್ಕು ಅಳಿಸುವ ಚುಚ್ಚುಮದ್ದು ಬೊಟಾಕ್ಸ್ ಎಂದೊಡನೆ ತಾರೆಯರ ನುಣುಪು ಹಣೆ ನೆನಪಾಗುತ್ತದೆ. ಅದರ ಕಥೆ ಶುರುವಾಗುವುದು ಮಾತ್ರ ಹಳಸಿದ ಸಾಸೇಜಿನಿಂದ. ಸುಮಾರು 200 ವರ್ಷಗಳ ಹಿಂದೆ ಜರ್ಮನಿಯ ವುರ್ಟೆಂಬರ್ಗಿನಲ್ಲಿ ಕೆಟ್ಟ ಸಾಸೇಜ್ ತಿಂದವರ ಕಣ್ಣೆವೆ ಜೋತುಬೀಳುತ್ತಿತ್ತು, ನುಂಗಲಾಗುತ್ತಿರಲಿಲ್ಲ, ಕೊನೆಗೆ ಉಸಿರೂ ನಿಲ್ಲುತ್ತಿತ್ತು. ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ (ಆತ ಕವಿಯೂ ಹೌದು) ಈ ಲಕ್ಷಣಗಳನ್ನು ಒಂದೊಂದಾಗಿ ದಾಖಲಿಸಿದ. ಅಷ್ಟು ಸಾಲದೆಂಬಂತೆ ವಿಷವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ! ಹತೋಟಿ ತಪ್ಪಿದ ನರಗಳನ್ನು ಇದೇ ವಿಷದಿಂದ ಸುಮ್ಮನಾಗಿಸಬಹುದೆಂದು ಊಹಿಸಿದವನೂ ಅವನೇ. ಲ್ಯಾಟಿನ್ನಿನಲ್ಲಿ ಬೊಟುಲಸ್ ಎಂದರೆ ಸಾಸೇಜ್. ಈ ವಿಷಕ್ಕಿರುವ ಬೊಟುಲಿನಮ್ ಎಂಬ ಹೆಸರಿನ ಮೂಲ ಅದು; ಬೊಟಾಕ್ಸ್ ತಯಾರಾಗುವುದು ಈ ವಿಷದಿಂದಲೇ.

ಈ ವಿಷಕ್ಕೆ ಗೊತ್ತಿರುವುದು ಒಂದೇ ಕೆಲಸ. ನರದ ತುದಿಯಲ್ಲಿರುವ ಪುಟ್ಟ ಚೀಲಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹೊರಗೆ ಸುರಿದಾಗ ಸ್ನಾಯು ಬಿಗಿಯುತ್ತದೆ. ಚೀಲ ಬಾಯಿ ತೆರೆಯಲು ಬೇಕಾದ ಪ್ರೋಟೀನನ್ನೇ ವಿಷ ಕತ್ತರಿಸಿಬಿಡುತ್ತದೆ. ಆಜ್ಞೆ ಹೊರಟರೂ ತಲುಪುವುದಿಲ್ಲ.

ಇದನ್ನು ಔಷಧಿಯಾಗಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರತಜ್ಞ ಅಲನ್ ಸ್ಕಾಟ್. ಮೆಳ್ಳೆಗಣ್ಣಿನಲ್ಲಿ ಅತಿಯಾಗಿ ಎಳೆಯುವ ಸ್ನಾಯುವಿಗೆ ಅತ್ಯಲ್ಪ ಪ್ರಮಾಣ ಚುಚ್ಚಿ ಸಡಿಲಿಸುವುದು ಅವರ ಉಪಾಯ. 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಸೌಂದರ್ಯದ ಅಧ್ಯಾಯ ಶುರುವಾದದ್ದು ಒಂದು ದೂರಿನಿಂದ. ಕೆನಡಾದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕರುದರ್ಸ್ ರೆಪ್ಪೆಯ ಸೆಳೆತಕ್ಕೆ ಈ ಚುಚ್ಚುಮದ್ದು ಕೊಡುತ್ತಿದ್ದರು. ಒಮ್ಮೆ ರೋಗಿಯೊಬ್ಬರು, ಈ ಸಲ ಹುಬ್ಬಿನ ನಡುವೆ ಏಕೆ ಚುಚ್ಚಲಿಲ್ಲವೆಂದು ಮುನಿಸಿಕೊಂಡರು: ಅಲ್ಲಿ ಚುಚ್ಚಿದಾಗಲೆಲ್ಲ ಮುಖದ ಗಂಟು ಮಾಯವಾಗುತ್ತಿತ್ತಂತೆ. ಜೀನ್ ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ದಂಪತಿಗೆ ಮರ್ಮ ಹೊಳೆಯಿತು. 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗಳಿಗೆ ಇದನ್ನು ಬಳಸಲು ಅಮೆರಿಕ ಸಮ್ಮತಿಸಿದ್ದು 2002ರಲ್ಲಿ.

ನನ್ನನ್ನು ಹೆಚ್ಚು ಬೆರಗಾಗಿಸುವುದು ಸುಕ್ಕಲ್ಲ, ಬೆವರು. ಬೆವರಿನ ಗ್ರಂಥಿಗಳಿಗೂ ಅಪ್ಪಣೆ ಕೊಡುವುದು ಅಸಿಟೈಲ್‌ಕೋಲಿನ್ನೇ; ಹಾಗಾಗಿ ಕಂಕುಳಿಗೆ ಚುಚ್ಚಿದರೆ ಅಂಗಿ ತೊಯ್ಯಿಸುವ ಬೆವರು ಹಿಂಗುತ್ತದೆ. ಮೂತ್ರಕೋಶದ ಅವಸರಕ್ಕೂ ಇದೇ ಮದ್ದು. ತಿಂಗಳಲ್ಲಿ 15 ದಿನವಾದರೂ ತಲೆನೋವಿರುವ ಮೈಗ್ರೇನಿಗರಿಗೆ 12 ವಾರಗಳಿಗೊಮ್ಮೆ ತಲೆ, ಕತ್ತುಗಳಲ್ಲಿ 31 ಕಡೆ ಚುಚ್ಚುತ್ತಾರೆ. ಇಲ್ಲಿ ಅದು ನೋವಿನ ಸಂದೇಶ ಸಾಗಿಸುವ ರಾಸಾಯನಿಕಗಳನ್ನೂ ತಡೆಯುತ್ತದೆ.

ಸುಕ್ಕಿನ ಮೇಲಿನ ಪರಿಣಾಮ ಮೂರು ನಾಲ್ಕು ತಿಂಗಳು ಮಾತ್ರ. ನರ ಚೇತರಿಸಿಕೊಂಡೊಡನೆ ಗೆರೆಗಳು ಹಾಜರಾಗುತ್ತವೆ. ಹಣೆಗೆ ಚುಚ್ಚಿದ್ದು ಎಲ್ಲಾದರೂ ಆಚೆ ಹರಡಿದರೆ ಕಣ್ಣೆವೆ ಜೋತುಬೀಳುತ್ತದೆ, ಕೆರ್ನರ್ ಸಾಸೇಜ್ ತಿಂದವರಲ್ಲಿ ಕಂಡಂತೆಯೇ.