ನಿಷೇಧಾಜ್ಞೆ: ಯಾವುದಕ್ಕೆ ನಿಷೇಧ, ಎಷ್ಟು ದಿನ?

"ಊರಲ್ಲಿ 144 ಹಾಕಿದ್ದಾರಂತೆ." ಈ ಮಾತು ಕಿವಿಗೆ ಬಿದ್ದ ಕೂಡಲೇ ನೂರು ಚಿಂತೆ ಶುರುವಾಗುತ್ತದೆ. ನಾಳೆ ಅಂಗಡಿ ತೆಗೆಯಬಹುದಾ? ಬಸ್ ಇರುತ್ತಾ? ಮನೆಯಲ್ಲಿ ಇಟ್ಟುಕೊಂಡ ಮದುವೆ ಏನಾಗುತ್ತೆ?

ಪದದ ಅರ್ಥ ಸರಳ. ನಿಷೇಧ ಮತ್ತು ಆಜ್ಞೆ ಕೂಡಿ ನಿಷೇಧಾಜ್ಞೆ. ಇಂಥದ್ದನ್ನು ಮಾಡಬೇಡಿ ಎಂಬ ಸರ್ಕಾರಿ ಅಪ್ಪಣೆ. ಈ ಅಧಿಕಾರ 1973ರ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಈಗ ಅದು 163ನೇ ಸೆಕ್ಷನ್. ಜನರ ಬಾಯಲ್ಲಿ ಮಾತ್ರ ಹಳೆಯ ನಂಬರೇ ಉಳಿದಿದೆ.

ನಿಷೇಧಾಜ್ಞೆ ಎಂದರೆ ಬಂದ್ ಅಲ್ಲ. ಬಂದ್‌ಗೆ ಕರೆ ಕೊಡುವುದು ಸಂಘಟನೆಗಳು. ಕರ್ಫ್ಯೂ ಕೂಡ ಬೇರೆ. ಕರ್ಫ್ಯೂ ಇದ್ದರೆ ಮನೆಯಿಂದ ಹೊರಗೇ ಬರುವಂತಿಲ್ಲ. ಸಾಮಾನ್ಯ ನಿಷೇಧಾಜ್ಞೆ ತಡೆಯುವುದು ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಗುಂಪುಗೂಡುವುದನ್ನು, ಮೆರವಣಿಗೆಯನ್ನು, ಆಯುಧ ಹಿಡಿದು ಓಡಾಡುವುದನ್ನು. ಹಾಲು ತರಲು, ಕೆಲಸಕ್ಕೆ ಹೋಗಲು ಅದು ಅಡ್ಡ ಬರುವುದಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿಚಾರಕ್ಕೆ ಬೆಂಗಳೂರಲ್ಲಿ ಗಲಭೆಯಾದಾಗ ಎರಡೂ ಒಟ್ಟಿಗೆ ಇದ್ದವು. ನಗರಕ್ಕೆಲ್ಲ ನಿಷೇಧಾಜ್ಞೆ, 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಮಾತ್ರ ಕರ್ಫ್ಯೂ.

ಗಲಭೆಯೇ ಆಗಬೇಕೆಂದಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಬಂದಾಗ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ ಇರುತ್ತದೆ. ಹತ್ತಿರದ ಜೆರಾಕ್ಸ್ ಅಂಗಡಿಗಳು ಪರೀಕ್ಷೆ ಮುಗಿಯುವವರೆಗೆ ಬಾಗಿಲು ಹಾಕಬೇಕು. ಅಂಗಡಿಯವರಿಗೆ ನಷ್ಟವೇ. ಆದರೆ ಜಾಗಕ್ಕೆ ಗಡಿ ಇದೆ, ಹೊತ್ತಿಗೆ ಗಡಿ ಇದೆ, ಕಾರಣವೂ ಎಲ್ಲರಿಗೂ ಗೊತ್ತು. ನನ್ನ ಮಟ್ಟಿಗೆ ಒಂದು ಆದೇಶ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಈ ಮೂರೇ ಸಾಕು.

ಕಾನೂನು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಆದೇಶ ಬರಹದಲ್ಲಿರಬೇಕು. ಯಾವ ಸಂಗತಿಗಳಿಂದ ಅಪಾಯ ಎನಿಸಿತು ಎಂಬುದು ಅದರಲ್ಲೇ ಇರಬೇಕು. ಆದೇಶ ಹೊರಡಿಸುವ ಅಧಿಕಾರಿ, ಅಂದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಎರಡು ತಿಂಗಳ ಮಿತಿ. ರಾಜ್ಯ ಸರ್ಕಾರ ಬೇಕೆಂದರೆ ಅದರ ಮೇಲೆ ಆರು ತಿಂಗಳವರೆಗೆ ವಿಸ್ತರಿಸಬಹುದು. 2020ರ ಜನವರಿ 10ರಂದು, ಕಾಶ್ಮೀರದ ಇಂಟರ್ನೆಟ್ ನಿರ್ಬಂಧದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿತು. ಅಪಾಯ ಎಷ್ಟೋ ನಿರ್ಬಂಧವೂ ಅಷ್ಟೇ ಇರಬೇಕು, ಆದೇಶವನ್ನು ಪ್ರಕಟಿಸಬೇಕು, ಜನ ತಮ್ಮ ಅಭಿಪ್ರಾಯವನ್ನೋ ಕಷ್ಟವನ್ನೋ ಹೇಳಿಕೊಳ್ಳುವುದನ್ನು ತಡೆಯಲು ಈ ಸೆಕ್ಷನ್ ಬಳಸಬಾರದು ಎಂದಿತು.

ಬೆಂಗಳೂರಿಗೂ ಆ ಪಾಠ ಹತ್ತಿರದ್ದೇ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ನಿಗದಿಯಾಗಿದ್ದವು. ಅಷ್ಟರಲ್ಲಿ ನಗರಕ್ಕೆಲ್ಲ ಮೂರು ದಿನ ನಿಷೇಧಾಜ್ಞೆ ಬಂತು. 19ರಂದು ಟೌನ್‌ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಪೊಲೀಸರು ವಶಕ್ಕೆ ತೆಗೆದುಕೊಂಡರು. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಅಧಿಕಾರಿ ತಾವೇ ಪರಿಶೀಲಿಸಿ ಬರೆದ ಕಾರಣಗಳು ಅದರಲ್ಲಿ ಇರಲಿಲ್ಲ. ತೀರ್ಪು ಬರುವ ಹೊತ್ತಿಗೆ ಆ ಮೂರು ದಿನ ಯಾವಾಗಲೋ ಕಳೆದಿತ್ತು. ನನಗೆ ಇವತ್ತಿಗೂ ಬೇಸರ ತರುವುದು ಇದೇ.

ಹಾಗಾಗಿ 144 ಎಂದು ಯಾರಾದರೂ ಹೇಳಿದರೆ ಸುಮ್ನೆ ಹೆದರಬೇಡಿ, ಆದೇಶ ಹುಡುಕಿ ಓದಿ. ಯಾವ ಪ್ರದೇಶ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವುದಕ್ಕೆ ವಿನಾಯಿತಿ ಎಂದು ನೋಡಿ. ಮದುವೆ, ಶವಯಾತ್ರೆಗೆ ಹಲವು ಆದೇಶಗಳಲ್ಲಿ ವಿನಾಯಿತಿ ಇರುತ್ತದೆ. ನಿಮಗೆ ಅನ್ಯಾಯವಾಗಿದೆ ಎನಿಸಿದರೆ ಆದೇಶ ರದ್ದು ಮಾಡಿ ಅಥವಾ ಬದಲಿಸಿ ಎಂದು ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅವರು ನಿಮ್ಮ ಮಾತು ಕೇಳಲೇಬೇಕು. ಅರ್ಜಿ ತಳ್ಳಿಹಾಕಿದರೆ ಏಕೆ ಎಂದು ಬರೆದಿಡಬೇಕು.