ಫೇಜ್ ಬೇಕಾದರೆ ಮೊದಲು ಬ್ಯಾಕ್ಟೀರಿಯಾ ಉಳಿಸಿಕೊಳ್ಳಿ

ವಾಟ್ಸಾಪಿನಲ್ಲಿ ಕಲ್ಚರ್ ರಿಪೋರ್ಟಿನ ಫೋಟೊ ಬರುತ್ತದೆ. ಮೇಲೆ ಕ್ಲೆಬ್ಸಿಯೆಲ್ಲಾ ಎಂದು ಬ್ಯಾಕ್ಟೀರಿಯಾದ ಹೆಸರಿರುತ್ತದೆ, ಕೆಳಗೆ ಆಂಟಿಬಯೋಟಿಕ್‌ಗಳ ಪಟ್ಟಿಯುದ್ದಕ್ಕೂ 'ಆರ್', ಅಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬಗ್ಗುವುದಿಲ್ಲ. ಜೊತೆಗೆ ಪ್ರಶ್ನೆ: "ಡಾಕ್ಟ್ರೇ, ಅಮ್ಮನಿಗೆ ಜಾರ್ಜಿಯಾದಿಂದ ಫೇಜ್ ತರಿಸಬಹುದಾ?" ಫೇಜ್ ಎಂದರೆ ಬ್ಯಾಕ್ಟೀರಿಯಾದೊಳಗೆ ಹೊಕ್ಕು ಅದನ್ನು ಕೊಲ್ಲುವ ವೈರಸ್. ಅಮ್ಮ ಐಸಿಯುನಲ್ಲಿದ್ದಾಗ ಮನೆಯವರು ಏನೆಲ್ಲ ಹುಡುಕುತ್ತಾರೆಂದು ನನಗೆ ಗೊತ್ತು. ಆದರೆ ನಾನು ಮೊದಲು ಕೇಳುವುದು, ಆ ಬ್ಯಾಕ್ಟೀರಿಯಾ ಈಗ ಎಲ್ಲಿದೆ ಎಂದು. "ರಿಪೋರ್ಟ್ ಇದೆಯಲ್ಲ ಸಾರ್" ಎನ್ನುತ್ತಾರೆ.

ರಿಪೋರ್ಟ್ ಸಾಲದು. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಒಂದು ಆಂಟಿಬಯೋಟಿಕ್ ಹತ್ತಾರು ಜಾತಿಯ ಬ್ಯಾಕ್ಟೀರಿಯಾ ಕೊಲ್ಲಬಹುದು. ಫೇಜ್ ಹಾಗಲ್ಲ. ಅದು ಬ್ಯಾಕ್ಟೀರಿಯಾದ ಮೈಮೇಲಿನ ಒಂದು ನಿರ್ದಿಷ್ಟ ರಚನೆಗೆ ಅಂಟಿಕೊಂಡರೆ ಮಾತ್ರ ಒಳಗೆ ನುಗ್ಗುತ್ತದೆ. ಕ್ಲೆಬ್ಸಿಯೆಲ್ಲಾದ ಹೊರಕವಚದಲ್ಲೇ 70ಕ್ಕೂ ಹೆಚ್ಚು ಬಗೆ ಇವೆ. ಒಂದು ಕವಚ ಹಿಡಿಯುವ ಫೇಜ್ ಇನ್ನೊಂದರ ಹತ್ತಿರವೂ ಸುಳಿಯದಿರಬಹುದು. ಬರೀ ಜಾತಿಯ ಹೆಸರು ನೋಡಿ ಫೇಜ್ ತರಿಸುವುದು 'ಮಂಜುನಾಥ, ಬೆಂಗಳೂರು' ಎಂದಷ್ಟೇ ಬರೆದು ಪತ್ರ ಹಾಕಿದ ಹಾಗೆ.

ಒಬ್ಬ ಮಗ ಸಾಲ ಮಾಡಿ ವಿದೇಶದಿಂದ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆಂದು ಫೇಜ್ ತರಿಸಿದ್ದ. ತಂದೆಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ. ಗಾಯದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಪ್ಲೇಟಿನ ತುಂಬ ಬೆಳೆಯಲು ಬಿಟ್ಟು, ಮೇಲೆ ಫೇಜಿನ ಹನಿಗಳನ್ನಿಟ್ಟೆವು. ಫೇಜ್ ಹೊಂದಿದ್ದರೆ ಬೆಳಗಾಗುವಷ್ಟರಲ್ಲಿ ಹನಿ ಬಿದ್ದ ಜಾಗ ತಿಳಿಯಾಗಿ, ದುಂಡಗೆ ತೂತು ಬಿದ್ದಂತೆ ಕಾಣುತ್ತದೆ. ಇಲ್ಲಿ ಎಲ್ಲೂ ತಿಳಿಯಾಗಿರಲಿಲ್ಲ. ಆ ಹುಡುಗನ ಮುಖ ನೋಡಿ ಬಹಳ ಸಂಕಟವಾಯಿತು. ದುಡ್ಡು ಕಟ್ಟುವ ಮುಂಚೆಯೇ ಈ ಪರೀಕ್ಷೆ ಆಗಬೇಕಿತ್ತು, ಅಲ್ವಾ?

ಪರೀಕ್ಷೆಗೆ ಜೀವಂತ ಬ್ಯಾಕ್ಟೀರಿಯಾ ಬೇಕು. ಲ್ಯಾಬುಗಳು ಕೆಲವೇ ದಿನಗಳಲ್ಲಿ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಎಲ್ಲವನ್ನೂ ಕೊಂದು, ಎಸೆಯುತ್ತವೆ. ಅದಕ್ಕೇ ರಿಪೋರ್ಟಿನಲ್ಲಿ ಸಾಲಾಗಿ 'ಆರ್' ಕಂಡ ದಿನವೇ ನಿಮ್ಮ ಡಾಕ್ಟರ ಮೂಲಕ ಲ್ಯಾಬಿಗೆ ಹೇಳಿಸಿ: ಈ ಐಸೊಲೇಟನ್ನು (ರೋಗಿಯಿಂದ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾವನ್ನು) ಗ್ಲಿಸರಾಲ್ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಇಡಿ.

ಫೇಜ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಎಲಿಯಾವಾ ಸಂಸ್ಥೆ 1923ರಿಂದ ಇದೇ ಕೆಲಸದಲ್ಲಿದೆ. 2016ರಲ್ಲಿ ಸ್ಯಾನ್ ಡಿಯಾಗೋದ ಪ್ರೊಫೆಸರ್ ಟಾಮ್ ಪ್ಯಾಟರ್ಸನ್ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಕೋಮಾಗೆ ಹೋಗಿದ್ದರು, ಫೇಜ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಅಲ್ಲೂ ಅವರ ಮೈಯಿಂದಲೇ ತೆಗೆದ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿಯೇ ಫೇಜ್ ಆರಿಸಿದ್ದು. ನಡುವೆ ಬ್ಯಾಕ್ಟೀರಿಯಾ ಬದಲಾಗಿ ಆ ಫೇಜುಗಳಿಗೂ ಬಗ್ಗದಾದಾಗ ಹೊಸ ಫೇಜ್ ಹುಡುಕಬೇಕಾಯಿತು. ಆಂಟಿಬಯೋಟಿಕ್ ಕೂಡ ಜೊತೆಗೇ ನಡೆದಿತ್ತು. ಹಾಗೆಂದು ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ಯುರೋಪಿನಲ್ಲಿ ಸುಟ್ಟಗಾಯಗಳ ಮೇಲೆ ನಡೆದ ಫೇಜೋಬರ್ನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ತಯಾರಿಸಿಟ್ಟ ಫೇಜಿನ ಶಕ್ತಿ ಇಳಿದುಹೋಗಿ, ರೋಗಿಗಳಿಗೆ ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ ಡೋಸ್ ಸಿಕ್ಕಿತ್ತು.

ಫೇಜ್ ಬರುತ್ತದೆಂದು ಈಗ ನಡೆಯುತ್ತಿರುವ ಆಂಟಿಬಯೋಟಿಕ್ಕನ್ನು ನೀವೇ ನಿಲ್ಲಿಸಬೇಡಿ. ಆನ್‌ಲೈನಿನಲ್ಲಿ ಸಿಕ್ಕಿದ ಬಾಟಲಿಯನ್ನು ಸುಮ್ನೆ ಗಾಯಕ್ಕೆ ಸುರಿಯಲೂ ಬೇಡಿ. ನನಗೆ ಫೋಟೊ ಕಳಿಸುವ ಮೊದಲು ಲ್ಯಾಬಿಗೆ ಫೋನ್ ಮಾಡಿ, ಪ್ಲೇಟ್ ಇನ್ನೂ ಇದೆಯಾ ಕೇಳಿ.