ರೋಮ್‌ನಿಂದ ಹ್ಯಾಂಬರ್ಗ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ಯುರೋಪ್ ಪ್ರವಾಸ ಯೋಜಿಸಿಕೊಡುವ ನನ್ನ ವೃತ್ತಿಯಲ್ಲಿ, ಎರಡು ನಗರಗಳ ನಡುವಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ನೋಡಿ, ಟಿಕೆಟ್ಟಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಏಕಿದೆ ಎಂದು ಕೇಳುವವರು ಬಹಳ. ಭೂಗೋಳದ ಮೇಲೆ ಎಳೆಯಬಹುದಾದ ಅತಿ ಕಡಿಮೆ ಉದ್ದದ ಗೆರೆ, ಅಂದರೆ ಮಹಾವೃತ್ತದ ಲೆಕ್ಕದಲ್ಲಿ, ರೋಮ್‌ನಿಂದ ಹ್ಯಾಂಬರ್ಗ್‌ಗೆ 1,326 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗವೆಂದು ಹಿಡಿದರೆ 1 ಗಂಟೆ 40 ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ನೇರ ವಿಮಾನಕ್ಕೂ 2 ಗಂಟೆಗಿಂತ ಹೆಚ್ಚೇ ಇರುತ್ತದೆ. ವಿಮಾನವು ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನ ನಿಲುಗಡೆಯನ್ನು ತಲುಪುವವರೆಗಿನ ಅವಧಿಯೇ ಟಿಕೆಟ್ಟಿನ ಅವಧಿಯಾದ್ದರಿಂದ, ರನ್‌ವೇವರೆಗಿನ ಓಟ, ಅಲ್ಲಿನ ಸರದಿ, ಏರುವಾಗ ಮತ್ತು ಇಳಿಯುವಾಗಿನ ಕಡಿಮೆ ವೇಗ, ಗಾಳಿಯ ದಿಕ್ಕಿಗೆ ತಕ್ಕಂತೆ ಹಾಕಬೇಕಾದ ಸುತ್ತು ಎಲ್ಲವೂ ಅದರೊಳಗೇ ಸೇರಿವೆ.

ಈ ಕಿಲೋಮೀಟರ್ ಲೆಕ್ಕ ಕುತೂಹಲಕ್ಕೆ ಮಾತ್ರವಲ್ಲ, ಹಣಕ್ಕೂ ಸಂಬಂಧಿಸಿದ್ದು. ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ, ಕಾರಣ ಕಂಪನಿಯ ಕೈಮೀರಿದ್ದಲ್ಲದಿದ್ದಲ್ಲಿ, ಐರೋಪ್ಯ ಒಕ್ಕೂಟದ 2004ರ ನಿಯಮದಡಿ 1,500 ಕಿ.ಮೀ.ವರೆಗಿನ ಪ್ರಯಾಣಕ್ಕೆ 250 ಯೂರೊ, ಒಕ್ಕೂಟದೊಳಗೆ ಅದನ್ನು ಮೀರಿದ ಪ್ರಯಾಣಕ್ಕೆ 400 ಯೂರೊ ಪರಿಹಾರವಿದೆ. ರೋಮ್‌ನಿಂದ ಬ್ರಸೆಲ್ಸ್ ಮಾರ್ಗವಾಗಿ ಹ್ಯಾಂಬರ್ಗ್‌ಗೆ ತಡವಾಗಿ ಬಂದ ಪ್ರಯಾಣಿಕರು 400 ಯೂರೊ ಕೇಳಿದ್ದರು. ಎರಡು ಹಂತಗಳ 1,173 ಮತ್ತು 483 ಕಿ.ಮೀ. ಕೂಡಿದರೆ 1,656 ಆಗುತ್ತದೆಂಬುದು ಅವರ ವಾದ. ಹೊರಟ ಊರು ಮತ್ತು ಕೊನೆಯ ಊರಿನ ನಡುವಿನ ಮಹಾವೃತ್ತ ದೂರವನ್ನಷ್ಟೇ ಎಣಿಸಬೇಕು, ನಡುವೆ ಇಳಿದು ಹತ್ತಿದ್ದರಿಂದ ತೊಂದರೆಯೇನೂ ಹೆಚ್ಚಾಗುವುದಿಲ್ಲ ಎಂದು ಒಕ್ಕೂಟದ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಬ್ರಸೆಲ್ಸ್‌ನಲ್ಲಿ ಕಾಯುತ್ತ ಕುಳಿತವರಿಗೆ ಈ ಮಾತು ಒಪ್ಪಿಗೆಯಾಗಿರಲಾರದು. ಆದರೂ ಸುತ್ತುದಾರಿ ಹಿಡಿದಷ್ಟೂ ಪರಿಹಾರ ಬೆಳೆಯುವ ವಿಚಿತ್ರವನ್ನು ತೀರ್ಪು ತಪ್ಪಿಸಿತೆಂದೇ ನನ್ನ ಅಭಿಪ್ರಾಯ.

ಹೊತ್ತಿನ ವಿಷಯದಲ್ಲಿ ನ್ಯಾಯಾಲಯ ಇನ್ನೂ ಸೂಕ್ಷ್ಮವಾಗಿದೆ. ಸಾಲ್ಸ್‌ಬರ್ಗ್‌ನಿಂದ ಹೊರಟ ಒಂದು ವಿಮಾನದ ಗಾಲಿಗಳು ಕಲೋನ್-ಬಾನ್ ನಿಲ್ದಾಣದ ರನ್‌ವೇಯನ್ನು ಮುಟ್ಟಿದಾಗ 2 ಗಂಟೆ 58 ನಿಮಿಷ ತಡವಾಗಿತ್ತು, ನಿಲುಗಡೆಗೆ ಬಂದಾಗ 3 ಗಂಟೆ 3 ನಿಮಿಷ. ಒಂದಾದರೂ ಬಾಗಿಲು ತೆರೆದು ಪ್ರಯಾಣಿಕರು ಇಳಿಯಬಹುದಾದ ಕ್ಷಣವೇ ತಲುಪಿದ ಸಮಯ ಎಂದು 2014ರಲ್ಲಿ ನಿರ್ಣಯವಾಯಿತು.

ನಮ್ಮವರಿಗೂ ಇದು ಸಲ್ಲುತ್ತದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಯಾವ ಕಂಪನಿಯ ವಿಮಾನ ಹತ್ತಿದರೂ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನಿಂದ ಹೊರಡುವಾಗ ಮಾತ್ರ ವಿಮಾನ ಒಕ್ಕೂಟದ ಕಂಪನಿಯದೇ ಆಗಿರಬೇಕು. 3,500 ಕಿ.ಮೀ. ಮೀರಿದ ಈ ದಾರಿಗೆ ಪರಿಹಾರ 600 ಯೂರೊ. ವಿಳಂಬ ನಾಲ್ಕು ಗಂಟೆಯೊಳಗಿದ್ದರೆ ಕಂಪನಿ ಅದನ್ನು ಅರ್ಧಕ್ಕಿಳಿಸಬಹುದು. ಆದ್ದರಿಂದ ತಡವಾದ ದಿನ ಬಾಗಿಲು ತೆರೆದ ಸಮಯವನ್ನು ಗುರುತು ಹಾಕಿಕೊಂಡು, ಬೋರ್ಡಿಂಗ್ ಪಾಸನ್ನು ಎಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು.